ಕಂಬಳಿ ಒಣಗಿತಾ?

ಕಂಬಳಿ ಮೈ ಕೊಡವಿತು. ನೀರು ಬಚ್ಚಲಿನ ಗೋಡೆಗೆ, ಕನ್ನಡಿಗೆ, ಬಾಗಿಲಿಗೆ ನೇತುಹಾಕಿದ್ದ ಅಮ್ಮನ ಟವೆಲಿಗೆ, ಕೊನೆಗೆ ತಾತನ ಕನ್ನಡಕಕ್ಕೂ ಸಿಡಿಯಿತು.

"ಲೋ, ನನ್ನ ಸ್ನಾನ ಬೆಳಿಗ್ಗೇನೇ ಆಯ್ತು ಕಣೋ," ಎಂದರು ತಾತ.

ಬಾಗಿಲ ಹಿಂದೆ ಅಡಗಿದ್ದ ಪಿಟ್ಟಿ ಕಿಸಕ್ಕನೆ ನಕ್ಕಳು.

ಕಂಬಳಿ ಅಂದರೆ ಅವರ ಮನೆಯ ನಾಯಿ. ಮೈತುಂಬ ಉದ್ದನೆಯ ಕೂದಲು. ಮರಿಯಾಗಿದ್ದಾಗ ಒಂದು ದಿನ ಹಿತ್ತಲಿನಲ್ಲಿ, ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಮುದುಡಿ ಮಲಗಿತ್ತಂತೆ. ಯಾರದೋ ಕಂಬಳಿ ಜಾರಿಬಿದ್ದಿದೆ ಎಂದುಕೊಂಡು ತಾತ ಎತ್ತಿಕೊಂಡರಂತೆ. ಆ ಕಂಬಳಿ ಅವರ ಕೈ ನೆಕ್ಕಿತಂತೆ. ಅವತ್ತಿನಿಂದ ಅದೇ ಹೆಸರು.

"ತಾತಾ, ಒಣಗಿಸೋದು ನಾನು. ಪ್ರಾಮಿಸ್ ಮಾಡಿದ್ದೀಯ."

"ಮಾಡಿದ್ದೀನಮ್ಮ. ಮರೆತಿಲ್ಲ."

ತಾತ ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದರು. ಅವರ ಮಂಡಿ ಕಟಕ್ ಎಂದಿತು. ಇಷ್ಟು ದಿನ ಕಂಬಳಿಗೆ ಸ್ನಾನ ಮಾಡಿಸುವುದೂ ಅವರೇ, ಒಣಗಿಸುವುದೂ ಅವರೇ. ಈಗ ಅಷ್ಟು ಹೊತ್ತು ನೆಲದಲ್ಲಿ ಕೂರಲು ಅವರಿಗೆ ಆಗುವುದಿಲ್ಲ. ಅದಕ್ಕೇ ಪಿಟ್ಟಿ ಒಂದು ವಾರದಿಂದ ಅವರ ಹಿಂದೆ ಮುಂದೆ ಸುತ್ತಿ, ಗೋಗರೆದು, ಈ ಕೆಲಸ ಗಿಟ್ಟಿಸಿಕೊಂಡಿದ್ದಳು.

ತಾತ ನಾಲ್ಕು ಹಳೇ ಟವೆಲ್ ತಂದು ಅವಳ ಪಕ್ಕ ಇಟ್ಟರು.

"ಮೊದಲು ಏನು ಮಾಡ್ಬೇಕು?"

"ಟವೆಲ್ ಇಟ್ಟು ಒತ್ತಬೇಕು. ಉಜ್ಜಬಾರದು. ಉಜ್ಜಿದ್ರೆ ಕೂದಲು ಗಂಟಾಗುತ್ತೆ."

"ಆಮೇಲೆ?"

"ಡ್ರೈಯರ್. ಕಮ್ಮಿ ಬಿಸಿ. ಕೂದಲು ಬಿಡಿಸ್ತಾ ಬಿಡಿಸ್ತಾ ಹೋಗ್ಬೇಕು."

"ಕೊನೆಗೆ?"

"ಕೂದಲ ಬುಡ ನೋಡ್ಬೇಕು. ಬೆರಳ ಹಿಂಭಾಗದಿಂದ. ಕಿವಿ ಹಿಂದೆ, ಹೊಟ್ಟೆ ಕೆಳಗೆ, ಕಂಕುಳಲ್ಲಿ. ತಾತಾ, ನಂಗೆಲ್ಲ ಗೊತ್ತು. ನೀನು ಹೋಗಿ ಕೂತ್ಕೋ."

"ಒಂದು ಗಂಟೆ ಹಿಡಿಯುತ್ತೆ. ಅರ್ಧಕ್ಕೆ ಬಿಟ್ಟು ಓಡೋ ಹಾಗಿಲ್ಲ."

"ಓಡಲ್ಲ."

ಪಿಟ್ಟಿಗೆ ಗೊತ್ತಿಲ್ಲದೆ ಏನು? ಅವರದು ಲಾಂಡ್ರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ಬಟ್ಟೆ ತರುತ್ತಾನೆ, ತಲುಪಿಸುತ್ತಾನೆ. ಅಮ್ಮ ಇಸ್ತ್ರಿ ಮಾಡುತ್ತಾಳೆ. ಕೊನೆಯ ಕೆಲಸ ತಾತನದು. ಕಟ್ಟುವ ಮೊದಲು ಒಂದೊಂದು ಬಟ್ಟೆಯನ್ನೂ ಅವರು ಮುಟ್ಟಿ ನೋಡುತ್ತಾರೆ. ಕಾಲರಿನ ಮಡಿಕೆ, ಜೇಬಿನ ಮೂಲೆ, ಕಂಕುಳ ಹೊಲಿಗೆ. ಅಂಗೈಯಿಂದಲ್ಲ, ಬೆರಳ ಹಿಂಭಾಗದಿಂದ. ಎಲ್ಲೋ ಒಂದು ಚೂರು ತೇವ ಇದ್ದರೂ ಸಾಕು, ಬಟ್ಟೆ ವಾಪಸ್ ಹಗ್ಗಕ್ಕೆ.

ತೇವ ಇರುವಾಗಲೇ ಮಡಿಸಿಟ್ಟ ಬಟ್ಟೆಗೆ ಏನಾಗುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೊದಲು ಮುಗ್ಗಲು ವಾಸನೆ. ಆಮೇಲೆ ಕರಿಚುಕ್ಕೆ. ಆ ಚುಕ್ಕೆ ಯಾವ ಸೋಪಿಗೂ ಜಗ್ಗುವುದಿಲ್ಲ.

ತಾತ ಅಂಗಡಿಗೆ ಹೋದರು. ಪಿಟ್ಟಿ ಮೊದಲ ಟವೆಲ್ ಹರಡಿ ಕಂಬಳಿಯ ಬೆನ್ನಿಗೆ ಒತ್ತಿದಳು. ಟವೆಲ್ ಭಾರವಾಯಿತು. ಎರಡನೆಯದನ್ನು ತೆಗೆದುಕೊಂಡಳು. ಕಂಬಳಿ ಟವೆಲಿನ ತುದಿ ಕಚ್ಚಿಕೊಂಡು ಎಳೆಯಿತು.

"ಬಿಡೋ ಕಳ್ಳ. ಆಟ ಆಮೇಲೆ."

ಆಗ ಹೊರಗೆ ಟ್ರಿಣ್ ಟ್ರಿಣ್ ಎಂದು ಸದ್ದಾಯಿತು. ಎದುರುಮನೆ ಹುಡುಗಿಯ ಹೊಸ ಸೈಕಲ್ಲು. ನೀಲಿ ಬಣ್ಣ, ಆರು ಗೇರು.

ಕಿಟಕಿಯಲ್ಲಿ ಅವಳ ತಲೆ ಕಾಣಿಸಿತು. "ಪಿಟ್ಟಿ, ಬರ್ತೀಯಾ ಇಲ್ವಾ? ಒಬ್ಬೊಬ್ಬರಿಗೆ ಎರಡು ರೌಂಡ್. ಹನ್ನೊಂದಕ್ಕೆ ನಮ್ಮಪ್ಪ ಬೀಗ ಹಾಕ್ಬಿಡ್ತಾರೆ."

"ಬರ್ತೀನಿ. ನನ್ನ ಟರ್ನ್ ಇಟ್ಟಿರು."

"ಈಗಲೇ ನಾಲ್ಕು ಜನ ಲೈನಲ್ಲಿದ್ದಾರೆ. ನೀನು ನಾಯಿಗೆ ತಲೆ ಬಾಚ್ತಾ ಕೂತಿರು."

ತಲೆ ಮಾಯವಾಯಿತು. ಟ್ರಿಣ್ ಟ್ರಿಣ್ ಸದ್ದು ಬೀದಿಯ ತುದಿಗೆ ಹೋಯಿತು. ಪಿಟ್ಟಿ ಗಡಿಯಾರ ನೋಡಿದಳು. ಹತ್ತೂವರೆ.

ಮೂರನೆಯ ಟವೆಲ್ ಮಡಿಕೆ ಬಿಚ್ಚದೆ ಹಾಗೇ ಉಳಿಯಿತು. ಅವಳು ಡ್ರೈಯರ್ ಹಾಕಿದಳು. ಬೆನ್ನಿನ ಮೇಲೆ ಅತ್ತಿಂದಿತ್ತ, ಇತ್ತಿಂದತ್ತ ಸರಸರ ಆಡಿಸಿದಳು. ಕೂದಲು ಹಾರಿ ಹಾರಿ ಹಗುರಾಯಿತು. ಕಂಬಳಿ ಈಗತಾನೇ ಬಡಿದ ಹತ್ತಿಯ ಹಾಗೆ ಉಬ್ಬಿ ಕೂತಿತು. ನೋಡಲು ಎಷ್ಟು ಚೆಂದ.

ಬುಡ ನೋಡಲಿಲ್ಲವೆ? ನೋಡಿದಳು. ಮುಂಗಾಲಿನ ಹಿಂದೆ, ಪಕ್ಕೆಯ ಹತ್ತಿರ ಒಂದೇ ಒಂದು ಕಡೆ ಬೆರಳು ತೂರಿಸಿದಳು. ಒಳಗೆ ತಣ್ಣಗಿತ್ತು. ಒದ್ದೆ.

ಬೆರಳು ಹಿಂದಕ್ಕೆ ಬಂತು.

'ಇಷ್ಟು ತಾನೇ,' ಎಂದುಕೊಂಡಳು. 'ತಾನಾಗೇ ಒಣಗುತ್ತೆ.'

ಅಂಗಡಿಯಿಂದ ತಾತನ ದನಿ ಬಂತು. "ಪಿಟ್ಟಿ, ಕಂಬಳಿ ಒಣಗಿತಾ?"

"ಒಣಗಿತು ತಾತಾ."

"ಬುಡ ನೋಡಿದ್ಯಾ?"

"ನೋಡ್ದೆ."

ಅದೇನು ಸುಳ್ಳಲ್ಲವಲ್ಲ ಎಂದುಕೊಂಡಳು. ನೋಡಿದ್ದು ನಿಜ ತಾನೇ.

ಸ್ಟೂಲು ಕಿರ್ ಎಂದಿತು. ತಾತ ಎದ್ದು ಬರುತ್ತಿದ್ದರು. ಪಿಟ್ಟಿ ಆಚೆ ಈಚೆ ನೋಡಿದಳು. ಗೂಟಕ್ಕೆ ಕಂಬಳಿಯ ಸ್ವೆಟರ್ ನೇತಾಡುತ್ತಿತ್ತು. ಅಪ್ಪನ ಹಳೇ ಕೆಂಪು ಸ್ವೆಟರನ್ನು ಕತ್ತರಿಸಿ ಅಮ್ಮ ಹೊಲಿದದ್ದು. ಪಿಟ್ಟಿ ಅದನ್ನು ಎಳೆದುಕೊಂಡು ಕಂಬಳಿಯ ತಲೆಗೆ ಹಾಕಿ, ಕಾಲುಗಳನ್ನು ಒಂದೊಂದಾಗಿ ತೂರಿಸಿ, ಬೆನ್ನಿನ ಮೇಲೆ ಎಳೆದುಬಿಟ್ಟಳು. ಚಳಿಯೂ ಇತ್ತು. ಎರಡು ದಿನದಿಂದ ಬಿಸಿಲಿನ ಮುಖವೇ ಕಂಡಿರಲಿಲ್ಲ. ಸ್ವೆಟರ್ ಹಾಕುವುದು ಒಳ್ಳೆಯದೇ ಅಲ್ಲವೆ?

ತಾತ ಬಂದು ಕಂಬಳಿಯ ತಲೆ ಸವರಿದರು. ತಲೆ ಮೆತ್ತಗೆ, ಒಣಗಿ, ಬೆಚ್ಚಗಿತ್ತು.

"ಭೇಷ್," ಎಂದರು. "ಲಾಂಡ್ರಿಯವರ ಮನೆ ಹುಡುಗಿ ಅಂದ್ರೆ ಸುಮ್ನೇನಾ?"

ಅವರು ಸ್ವೆಟರಿನ ಒಳಗೆ ಕೈ ಹಾಕಲಿಲ್ಲ. ಹನ್ನೆರಡು ವರ್ಷದಿಂದ ಅಮ್ಮ ಇಸ್ತ್ರಿ ಮಾಡಿದ ಬಟ್ಟೆಯನ್ನೂ ಮುಟ್ಟಿ ನೋಡದೆ ಬಿಡದವರು, ಪಿಟ್ಟಿಯ ಮಾತನ್ನು ಹಾಗೇ ನಂಬಿ ಅಂಗಡಿಗೆ ತಿರುಗಿದರು.

ಪಿಟ್ಟಿಗೆ ಸೈಕಲ್ಲಿನ ಎರಡು ರೌಂಡೂ ಸಿಕ್ಕಿತು. ಎರಡನೇ ರೌಂಡಿನಲ್ಲಿ ಗೇರು ಬದಲಾಯಿಸುವುದೂ ಬಂತು.

ಸಂಜೆ ತಾತ ಕೇಳಿದರು, "ಸ್ವೆಟರ್ ತೆಗೆದುಬಿಡ್ಲೇನಮ್ಮ?"

"ಬೇಡ ತಾತಾ. ಪಾಪ, ಚಳಿ ಅದಕ್ಕೆ."

"ಅದೂ ಸರಿ," ಎಂದರು ತಾತ.

ಸೋಮವಾರವೂ ಮೋಡ. ಮಂಗಳವಾರವೂ ಮೋಡ. ಕಂಬಳಿ ಕೆಂಪು ಸ್ವೆಟರಿನಲ್ಲೇ ಉಂಡಿತು, ಸ್ವೆಟರಿನಲ್ಲೇ ಮಲಗಿತು. ಮಂಗಳವಾರ ರಾತ್ರಿ ಊಟದ ಹೊತ್ತಿಗೆ ಅದು ಮತ್ತೆ ಮತ್ತೆ ಕತ್ತು ತಿರುಗಿಸಿ ಪಕ್ಕೆಯನ್ನು ಕಚ್ಚಿಕೊಳ್ಳುತ್ತಿತ್ತು. ಪಿಟ್ಟಿ ನೋಡಿದಳು. ನೋಡಿಯೂ ತಟ್ಟೆಯ ಕಡೆ ತಿರುಗಿದಳು.

ಬುಧವಾರ ಅವಳು ಶಾಲೆಯಿಂದ ಬಂದಾಗ ಅಮ್ಮ ಅಂಗಡಿಯಲ್ಲಿ ಬಟ್ಟೆ ಗಂಟುಗಳನ್ನೆಲ್ಲ ಬಿಚ್ಚಿ ಹರಡಿಕೊಂಡಿದ್ದಳು. ಒಂದೊಂದನ್ನೇ ಎತ್ತಿ ಮೂಸುತ್ತಿದ್ದಳು.

"ಯಾವುದೋ ಬಟ್ಟೆ ಮುಗ್ಗಲು ಹಿಡಿದಿದೆ ಮಾವ. ಮೂಗಿಗೆ ಬಡೀತಿದೆ. ಎಲ್ಲಿಂದ ಅಂತಾನೇ ಗೊತ್ತಾಗ್ತಿಲ್ಲ."

"ನಾನು ಎಲ್ಲಾ ಮುಟ್ಟಿ ನೋಡಿದ್ದೀನಲ್ಲಮ್ಮ. ಒಂದೂ ಒದ್ದೆ ಇರ್ಲಿಲ್ಲ."

ಬೆಡ್‌ಶೀಟು ಮೂಸಿದರು, ಕೋಟು ಮೂಸಿದರು, ಪರದೆ ಮೂಸಿದರು. ಎಲ್ಲ ಸೋಪಿನ ವಾಸನೆಯೇ. ಕೊನೆಗೆ ಅಮ್ಮ ಮೇಜಿನ ಕೆಳಗೆ ಬಗ್ಗಿದಳು. ಅಲ್ಲಿ ಕಂಬಳಿ ಮಲಗಿತ್ತು. ಅಮ್ಮ ಅಲ್ಲೇ ಮೂಗು ಮುಚ್ಚಿಕೊಂಡಳು.

"ಮಾವ, ಇಲ್ಲಿ ಬನ್ನಿ."

ಸ್ವೆಟರ್ ತೆಗೆಯುವಾಗ ಕಂಬಳಿ ಕುಂಯ್ ಎಂದಿತು. ಮುಂಗಾಲಿನ ಹಿಂದೆ, ಪಕ್ಕೆಯ ಮೇಲೆ, ಕೂದಲು ಅಂಟಿಕೊಂಡು ಗಂಟಾಗಿತ್ತು. ಗಂಟಿನ ಸುತ್ತ ಚರ್ಮ ಕೆಂಪಾಗಿ ಒಸರುತ್ತಿತ್ತು. ಪಿಟ್ಟಿಯ ಅಂಗೈಯಷ್ಟು ಅಗಲ.

ಅವಳು ಬೆರಳು ತೂರಿಸಿದ್ದ ಜಾಗವೇ ಅದು.

ಪ್ರಾಣಿಗಳ ಡಾಕ್ಟರು ತೆಳ್ಳಗಿನ, ಮಾತು ಕಮ್ಮಿಯ ಹೆಂಗಸು. ಕಂಬಳಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಗಾಯದ ಸುತ್ತಲಿನ ಕೂದಲನ್ನು ಮಿಷನ್ನಿನಿಂದ ಬೋಳಿಸಿದರು. ಉದ್ದನೆಯ ಕೂದಲು ಗೊಂಚಲು ಗೊಂಚಲಾಗಿ ನೆಲಕ್ಕೆ ಬಿತ್ತು. ಕಂಬಳಿ ನಡುಗುತ್ತ ತಾತನ ತೋಳಿನೊಳಗೆ ಮೂತಿ ಇಟ್ಟಿತ್ತು.

"ಯಾವಾಗ ಸ್ನಾನ ಮಾಡಿಸಿದ್ದು?"

"ಭಾನುವಾರ," ಎಂದರು ತಾತ.

"ಒಳಗೆ ತೇವ ಉಳಿದಿದೆ. ಇಲ್ಲಾಂದ್ರೆ ಸೋಪು ಸರಿಯಾಗಿ ಹೋಗಿಲ್ಲ. ಅದರ ಮೇಲೆ ಸ್ವೆಟರ್ ಬೇರೆ. ಗಾಳಿ ಆಡಿಲ್ಲ."

ಪಿಟ್ಟಿ ಅಮ್ಮನ ಬೆನ್ನ ಹಿಂದೆ ಸರಿದಳು. ಅಮ್ಮ ಅವಳ ಕಡೆ ತಿರುಗಿದಳು. ಆದರೆ ತಾತ ಮೊದಲೇ ಮಾತಾಡಿದರು.

"ತೇವ ಇರೋಕೆ ಸಾಧ್ಯ ಇಲ್ಲ ಡಾಕ್ಟ್ರೇ. ಮಗು ಬುಡ ನೋಡಿದ್ದಾಳೆ, ನಾನು ಕೇಳಿದ್ದೀನಿ. ಸೋಪೇ ಉಳಿದಿರಬೇಕು. ತೊಳೆದಿದ್ದು ನಾನು." ತಮ್ಮ ಕೈ ನೋಡಿಕೊಂಡರು. "ಸೋಪಿನ ಜಾರು ಹೋಯ್ತೋ ಇಲ್ವೋ ಅಂತ ಕೈಗೆ ಗೊತ್ತಾಗ್ಲಿಲ್ಲ ಅಂತ ಕಾಣುತ್ತೆ. ವಯಸ್ಸಾಯ್ತಲ್ಲ."

ಪಿಟ್ಟಿ ಬಾಯಿ ತೆರೆದಳು. ನೆಲದ ಮೇಲೆ ಬಿದ್ದ ಕೂದಲು ಕಂಡು ಮತ್ತೆ ಮುಚ್ಚಿದಳು. ಡಾಕ್ಟರು ಔಷಧಿ ಬರೆದುಕೊಟ್ಟರು, ಒಂದು ತಿಂಗಳು ಸ್ನಾನ ಬೇಡ ಎಂದರು, ಗಾಯ ನೆಕ್ಕದ ಹಾಗೆ ಕಂಬಳಿಯ ಕುತ್ತಿಗೆಗೆ ತಳವಿಲ್ಲದ ಬಕೆಟಿನಂಥ ಪ್ಲಾಸ್ಟಿಕ್ಕು ಕಟ್ಟಿದರು. ಅಷ್ಟರಲ್ಲಿ ಹೇಳುವ ಹೊತ್ತು ದಾಟಿಹೋಗಿತ್ತು.

ದಾರಿಯುದ್ದಕ್ಕೂ ಆ ಬಕೆಟ್ಟು ಗೇಟಿಗೆ, ಕಂಬಕ್ಕೆ, ಪಿಟ್ಟಿಯ ಮೊಣಕಾಲಿಗೆ ಡಬ್ ಡಬ್ ಎಂದು ತಾಕುತ್ತಿತ್ತು. ಬೇರೆ ದಿನವಾಗಿದ್ದರೆ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಗುರುವಾರ ಅಂಗಡಿಯಲ್ಲಿ ಅಮ್ಮ ಇಸ್ತ್ರಿ ಮುಗಿಸಿ ಬಟ್ಟೆಯ ಅಟ್ಟಿಯನ್ನು ತಾತನ ಮುಂದಿಟ್ಟಳು. ತಾತ ಒಂದು ಶರ್ಟಿನ ಕಾಲರಿನಲ್ಲಿ ಬೆರಳು ಇಟ್ಟರು. ತೆಗೆದರು. ಮತ್ತೆ ಇಟ್ಟರು.

"ಇದನ್ನ ನೀನೇ ಒಂದ್ಸಲ ನೋಡಮ್ಮ."

"ಒಣಗಿದೆಯಲ್ಲ ಮಾವ."

"ಒಣಗಿದೆಯಾ? ಹಾಗಾದ್ರೆ ಸರಿ." ಇನ್ನೊಂದು ಶರ್ಟು ಎತ್ತಿಕೊಂಡರು. "ಇದು?"

ನಾಲ್ಕನೇ ಶರ್ಟಿಗೆ ಅಟ್ಟಿಯನ್ನೇ ಅಮ್ಮನ ಕಡೆ ಸರಿಸಿದರು. "ಎಲ್ಲಾ ನೀನೇ ನೋಡಿಬಿಡು. ನಾಯಿ ಮೈಯಲ್ಲಿ ಸೋಪು ಉಳಿದಿದ್ದೇ ತಿಳೀದ ಕೈ. ನಾಳೆ ಯಾರದಾದ್ರೂ ಒಳ್ಳೆ ಕೋಟು ಹಾಳುಮಾಡಿಟ್ರೆ?"

"ಏನ್ ಮಾವ ನೀವು, ಒಂದು ಸಲ ಹಾಗಾಯ್ತು ಅಂತ…"

"ಬೇಡಮ್ಮ," ಎಂದರು ತಾತ.

ಶುಕ್ರವಾರ ಅವರ ಸ್ಟೂಲು ಮಡಿಸುವ ಮೇಜಿನ ಪಕ್ಕ ಇರಲಿಲ್ಲ. ಬಾಗಿಲ ಹತ್ತಿರ ಇತ್ತು. ಅಲ್ಲಿ ಕೂತು ಅವರು ಬೀದಿ ನೋಡುತ್ತಿದ್ದರು. ಬಟ್ಟೆ ತೆಗೆದುಕೊಂಡು ಹೋಗಲು ಬಂದ ಬ್ಯಾಂಡ್ ಮೇಷ್ಟ್ರು ತಮಾಷೆ ಮಾಡಿದರು.

"ಏನು ಯಜಮಾನ್ರೇ, ರಿಟೈರ್ ಆಗ್ಬಿಟ್ರಾ?"

"ನಾನಲ್ಲ ಮೇಷ್ಟ್ರೇ. ಕೈ ರಿಟೈರ್ ಆಯ್ತು."

ಮೇಷ್ಟ್ರು ನಕ್ಕರು. ತಾತನೂ ನಕ್ಕರು. ಅಂಗಡಿಯ ಮೂಲೆಯಲ್ಲಿ ಹೋಮ್‌ವರ್ಕ್ ಬರೆಯುತ್ತಿದ್ದ ಪಿಟ್ಟಿ ತಲೆ ಎತ್ತಿದಳು. ತಾತನ ಎರಡು ಕೈಗಳೂ ತೊಡೆಯ ಮೇಲಿದ್ದವು. ಅಂಗೈ ಮೇಲೆ ಮಾಡಿಕೊಂಡು, ಖಾಲಿಯಾಗಿ. ಆ ಕೈಗಳಲ್ಲಿ ಒಂದು ಟವೆಲಾದರೂ, ಒಂದು ಗುಂಡಿ ಕಳಚಿದ ಶರ್ಟಾದರೂ ಇಲ್ಲದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

ಆ ದಿನ ಅವಳಿಗೆ ಊಟ ಸೇರಲಿಲ್ಲ. "ಶಾಲೇಲಿ ಏನಾದ್ರೂ ತಿಂದ್ಯೇನೇ?" ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು.

ಶನಿವಾರ ಮಧ್ಯಾಹ್ನ ಕಡೆಗೂ ಬಿಸಿಲು ಬಂತು. ಪಿಟ್ಟಿ ಶಾಲೆಯಿಂದ ಬಂದವಳು ಬ್ಯಾಗನ್ನೂ ಇಳಿಸದೆ ತಾತನ ಸ್ಟೂಲಿನ ಪಕ್ಕ ನಿಂತಳು. ಕಂಬಳಿ ಬಕೆಟ್ಟು ಬಡಿದುಕೊಂಡು ಬಂದು ಅವಳ ಕಾಲ ಬಳಿ ಕೂತಿತು.

"ತಾತಾ, ಸೋಪಲ್ಲ."

"ಏನಮ್ಮ?"

"ಸೋಪು ಉಳಿದಿರ್ಲಿಲ್ಲ. ನೀನು ಚೆನ್ನಾಗೇ ತೊಳೆದಿದ್ದೆ. ಒದ್ದೆ ಇತ್ತು."

ಅಮ್ಮನ ಇಸ್ತ್ರಿ ಪೆಟ್ಟಿಗೆ ನಿಂತಿತು.

"ಬುಡ ನೋಡ್ದೆ ಅಂದಿದ್ಯಲ್ಲ," ಎಂದರು ತಾತ.

"ನೋಡ್ದೆ. ಒದ್ದೆ ಇತ್ತು. ಆದ್ರೂ ಹೋದೆ. ಸೈಕಲ್ ಆಡೋಕೆ."

"ಮತ್ತೆ ಸ್ವೆಟರು?"

ಪಿಟ್ಟಿ ಕಂಬಳಿಯ ಬಕೆಟ್ಟಿನ ಅಂಚನ್ನು ಹಿಡಿದುಕೊಂಡಳು. "ನೀನು ಬಂದು ಮುಟ್ಟಿ ನೋಡ್ತೀಯ ಅಂತ ಹಾಕಿದ್ದು."

"ಏನೇ ನೀನು," ಎಂದು ಅಮ್ಮ ಮೇಜು ಬಿಟ್ಟು ಬಂದಳು. ತಾತ ಕೈ ಎತ್ತಿ ಅವಳನ್ನು ತಡೆದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಪಿಟ್ಟಿಗೆ.

ಆಮೇಲೆ ತಾತ ಗೋಡೆ ಹಿಡಿದು ಎದ್ದರು. ಮಂಡಿ ಕಟಕ್ ಎಂದಿತು. ಮಡಿಸುವ ಮೇಜಿನ ಹತ್ತಿರ ಹೋಗಿ ಮೇಲಿನ ಶರ್ಟು ಎತ್ತಿಕೊಂಡರು. ಬೆರಳ ಹಿಂಭಾಗ ಕಾಲರಿನ ಒಳಗೆ ಹೋಯಿತು. ಜೇಬಿನ ಮೂಲೆಗೆ ಬಂತು. ಕಂಕುಳ ಹೊಲಿಗೆಯ ಮೇಲೆ ನಿಂತಿತು.

"ಇದು ಇನ್ನೂ ಒದ್ದೆ ಇದೆಯಮ್ಮ."

"ಎಲ್ಲಿ ಮಾವ? ನಾನು ನೋಡಿದ್ದೆನಲ್ಲ." ಅಮ್ಮ ಮುಟ್ಟಿದಳು. ಗೊತ್ತಾಗಲಿಲ್ಲ. ಹೊಲಿಗೆಯನ್ನು ಕೆನ್ನೆಗೆ ಒತ್ತಿಕೊಂಡಳು. "ಹೌದು. ತಣ್ಣಗಿದೆ."

ಶರ್ಟು ವಾಪಸ್ ಹಗ್ಗಕ್ಕೆ ಹೋಯಿತು. ತಾತ ನಗಲಿಲ್ಲ. ಬಾಗಿಲ ಕಡೆ ತಿರುಗಲೂ ಇಲ್ಲ. ಎರಡನೇ ಶರ್ಟು ತೆಗೆದುಕೊಂಡರು, ಆಮೇಲೆ ಮೂರನೆಯದು. ಪಿಟ್ಟಿ ಬಾಗಿಲ ಹತ್ತಿರ ಇದ್ದ ಸ್ಟೂಲನ್ನು ಎತ್ತಿ ತಂದು ಅವರ ಹಿಂದೆ ಇಟ್ಟಳು.

"ತಾತಾ, ಕೋಪನಾ?"

"ಕೋಪ ಅಲ್ಲಮ್ಮ."

"ಮತ್ತೆ?"

ತಾತ ಕೂತರು. ಇನ್ನೊಂದು ಶರ್ಟು ಎಳೆದುಕೊಂಡರು. "ಈಗ ಕೆಲಸ ಇದೆ," ಎಂದರು. "ಹೋಗು, ಕೈಕಾಲು ತೊಳ್ಕೋ."

ಒಂದು ತಿಂಗಳು ಕಳೆಯಿತು. ಗಾಯ ಮಾಯಿತು, ಬಕೆಟ್ಟು ಅಟ್ಟ ಸೇರಿತು. ತಾತ ಮೊದಲಿನ ಹಾಗೇ ಪಿಟ್ಟಿಯ ಜಡೆ ಎಳೆಯುತ್ತಿದ್ದರು, ಲೆಕ್ಕದಲ್ಲಿ ತಪ್ಪಿದರೆ ಕುಟುಕುತ್ತಿದ್ದರು. ಮತ್ತೊಂದು ಭಾನುವಾರ ಬಂತು. ಕಂಬಳಿ ಮೈ ಕೊಡವಿ ಎಲ್ಲರಿಗೂ ಇನ್ನೊಂದು ಸ್ನಾನ ಮಾಡಿಸಿತು.

ತಾತ ನಾಲ್ಕು ಟವೆಲ್ ತಂದರು. ಈ ಸಲ ಸ್ಟೂಲನ್ನೂ ತಂದರು. ಅಲ್ಲೇ ಕೂತು ಮೊದಲನೆಯ ಟವೆಲನ್ನು ಮಾತಿಲ್ಲದೆ ಪಿಟ್ಟಿಯ ಕೈಗೆ ಕೊಟ್ಟರು.

ಪಿಟ್ಟಿ ಬೆನ್ನಿಗೆ ಒತ್ತಿದಳು. ಹೊಟ್ಟೆಗೆ ಒತ್ತಿದಳು. ಪಕ್ಕೆಯ ಹತ್ತಿರ ಬಂದಾಗ ಕಂಬಳಿ ಮೈ ಬಿಗಿಮಾಡಿ ಅವಳ ಕೈಯನ್ನು ಮೂಸಿತು. ಬೋಳಿಸಿದ ಜಾಗದಲ್ಲಿ ಹೊಸ ಕೂದಲು ಬಂದಿತ್ತು. ಹಲ್ಲುಜ್ಜುವ ಬ್ರಷ್ಷಿನಷ್ಟು ಗಿಡ್ಡ. ಸುತ್ತಲಿನ ಕೂದಲಿಗೆ ಸೇರದ ಬೇರೆಯದೇ ಬಣ್ಣ. ಪಿಟ್ಟಿ ಅಲ್ಲಿ ಟವೆಲ್ ಇಟ್ಟು ಸುಮ್ಮನೆ ಹಿಡಿದುಕೊಂಡಳು. ಸ್ವಲ್ಪ ಹೊತ್ತಿಗೆ ಕಂಬಳಿ ಉಸಿರು ಬಿಟ್ಟು ಮಲಗಿತು.

ಟ್ರಿಣ್ ಟ್ರಿಣ್. ಕಿಟಕಿಯಲ್ಲಿ ತಲೆ ಕಾಣಿಸಿತು.

"ಪಿಟ್ಟಿ, ಇವತ್ತು ಮೂರು ರೌಂಡ್. ಬಾ."

"ಇವತ್ತು ಆಗಲ್ಲ. ಒಂದು ಗಂಟೆ ಹಿಡಿಯುತ್ತೆ."

"ನಿನ್ನ ಟರ್ನ್ ಹೋಗುತ್ತೆ."

"ಹೋಗ್ಲಿ."

ಮೂರನೇ ಟವೆಲ್ ಒದ್ದೆಯಾಯಿತು. ನಾಲ್ಕನೆಯದೂ ಒದ್ದೆಯಾಯಿತು. ಡ್ರೈಯರನ್ನು ಕಮ್ಮಿ ಬಿಸಿಯಲ್ಲಿ ಹಿಡಿದು, ಕೂದಲನ್ನು ಎಳೆಎಳೆಯಾಗಿ ಬಿಡಿಸುತ್ತ ಹೋದಳು. ಕಿವಿಯ ಹಿಂದೆ ಬೆರಳಿಟ್ಟಳು, ಒಣಗಿತ್ತು. ಹೊಟ್ಟೆಯ ಕೆಳಗೆ ಒಣಗಿತ್ತು. ಕಂಕುಳಲ್ಲಿ ತಣ್ಣಗೆನಿಸಿತು. ಮತ್ತೆ ಡ್ರೈಯರ್ ಹಾಕಿದಳು. ಮತ್ತೆ ನೋಡಿದಳು. ಸೈಕಲ್ಲಿನ ಗಂಟೆ ಯಾವಾಗ ನಿಂತಿತೋ ಅವಳಿಗೆ ಗೊತ್ತಾಗಲಿಲ್ಲ.

"ಕಂಬಳಿ ಒಣಗಿತಾ?" ಎಂದರು ತಾತ.

"ಒಣಗಿತು ತಾತಾ."

"ಬುಡ ನೋಡಿದ್ಯಾ?"

"ನೋಡ್ದೆ."

ತಾತ ತಲೆಯಾಡಿಸಿದರು. ಆಮೇಲೆ ಸ್ಟೂಲಿನಿಂದ ಮೆಲ್ಲಗೆ ಮುಂದಕ್ಕೆ ಬಾಗಿದರು. ಅವರ ಕೈ ಕಂಬಳಿಯ ಪಕ್ಕೆಯ ಕಡೆ ಬಂತು.

ಹೋದ ಸಲ ಅವರು ಅವಳ ಮಾತು ನಂಬಿ ಹಾಗೇ ತಿರುಗಿ ಹೋಗಿದ್ದರು. ಪಿಟ್ಟಿ ಸ್ವಲ್ಪ ಪಕ್ಕಕ್ಕೆ ಸರಿದಳು. ತಾತನ ಬೆರಳು ಬುಡದವರೆಗೂ ಹೋಗುವ ಹಾಗೆ ಎರಡೂ ಕೈಯಿಂದ ಕೂದಲನ್ನು ಬಿಡಿಸಿ ಹಿಡಿದುಕೊಂಡಳು.